ಗೀರಿಲ್ಲದ ತೋಳು

"ಗುರುಗಳೇ, ಊರ ಕಾಡಿಗೆ ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಂಥ ನಿಯಮ ಬರೆದರೆ ಕಾಡು ಉಳಿದೀತು?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳತೊಡಗಿದರು:

ಒಂದು ಹಳ್ಳದ ದಂಡೆಯಲ್ಲಿ ಬುಟ್ಟಿ ಹೆಣೆಯುವವರ ಕೇರಿ ಇತ್ತು. ಹಳ್ಳದ ಆಚೆ ಮುಳ್ಳುಬಿದಿರಿನ ಮೆಳೆಗಳಿದ್ದವು. ಚಿಕ್ಕವನಿದ್ದಾಗ ಅವುಗಳ ನೆರಳಿನಲ್ಲೇ ಅರ್ಧ ದಿನ ನಡೆದಿದ್ದೇನೆ. ಈಗ ನೆನೆದರೂ ಮೈ ತಂಪಾಗುತ್ತದೆ. ಎಳೆಯ ಬಿದಿರು ಮೆಳೆಯ ಅಂಚಿನಲ್ಲಿ ಹುಟ್ಟುತ್ತದೆ, ಬಲಿತದ್ದು ನಡುವೆ ಇರುತ್ತದೆ. ಎಳೆಯದನ್ನು ಕಡಿದರೆ ಮೆಳೆಯೇ ಅಳಿಯುತ್ತದೆ, ಬಲಿತದ್ದನ್ನೇ ಕಡಿಯಬೇಕು ಎಂಬುದು ಕೇರಿಯ ಕಟ್ಟಳೆ. ಮುಳ್ಳಿನೊಳಗೆ ನುಗ್ಗದೆ ಅದು ಸಿಗುವುದಿಲ್ಲ. ಆದ್ದರಿಂದ ಹೆಣ್ಣು ಕೊಡುವವರು ಗಂಡಿನ ಮುಖಕ್ಕಿಂತ ಮೊದಲು ತೋಳಿನಲ್ಲಿ ಮುಳ್ಳಿನ ಗೀರಿದೆಯೇ ಎಂದು ನೋಡುತ್ತಿದ್ದರು.

ಆ ಕೇರಿಯ ಒಬ್ಬ ಮುದುಕನಿಗೆ ಒಬ್ಬಳೇ ಮಗಳು. ನೋಡಲು ಬಂದ ಗಂಡು ಅವಳಿಗೆ ಒಪ್ಪಿಗೆಯಾದ, ಮುದುಕನಿಗೂ ಹಿಡಿಸಿದ. ಆದರೆ ಅವನ ತೋಳಿನ ಮೇಲೆ ಒಂದು ಗೀರೂ ಇರಲಿಲ್ಲ. ಅಂಚಿನ ಎಳೆಬಿದಿರು ಕಡಿದು ಕೆಲಸ ಮುಗಿಸುವವನು ಎಂದು ಮುದುಕನಿಗೆ ತಿಳಿದುಹೋಯಿತು. ಅವನು ತಾಂಬೂಲದ ತಟ್ಟೆಯನ್ನು ಹಿಂದಕ್ಕೆ ಸರಿಸಿದ. ಮಗಳು ಒಳಗೆ ಹೋಗಿ ಅತ್ತಳು.

ಎಂಟು ದಿನ ಬಿಟ್ಟು ಗಂಡು ಮತ್ತೆ ಬಂದು ತೋಳು ಚಾಚಿದ. ಮುದುಕ ತಿರುವಿ ನೋಡಿ ನಕ್ಕುಬಿಟ್ಟ.

"ಅಲ್ಲಪ್ಪಾ, ಎಡಗೈ ತುಂಬ ಗೀರು, ಬಲಗೈ ಬೆಣ್ಣೆ ಹಂಗೈತೆ. ಮುಳ್ಳು ಹಿಡ್ಕಂಡು ನೀನೇ ಗೀರ್ಕಂಡ್ಯಾ?"

ಗಂಡು ತಲೆ ತಗ್ಗಿಸಿದ. "ಊಂ ಮಾವ. ಒಳೀಕೆ ನುಗ್ಗಾಕೆ ಭಯ ಆಯ್ತದೆ."

"ಭಯ ನಂಗೂ ಐತೆ, ಮಗಳು ಮನೇಲೇ ಉಳ್ಕಂಡಾಳು ಅಂತ. ಆದ್ರೂ ಕೊಡಾಕಿಲ್ಲ, ಹೋಗು."

ಮಳೆಗಾಲವೆಲ್ಲ ಮಗಳು ಅಪ್ಪನೊಡನೆ ಮಾತು ಬಿಟ್ಟಳು. ಮುದುಕ ತಾನೇ ಬಡಿಸಿಕೊಂಡು ಉಂಡ. ಮಳೆ ನಿಂತ ಮೇಲೆ ಗಂಡು ಬಂದ. ಅಂಗಿ ಹರಿದಿತ್ತು, ಎರಡು ತೋಳೂ ಬೆನ್ನೂ ತರಚಿದ್ದವು, ಹೆಗಲ ಮೇಲೆ ಬಲಿತ ಬಿದಿರಿತ್ತು. ಮುದುಕ ಅಂದೇ ಮದುವೆ ಗೊತ್ತುಮಾಡಿದ. ಅವನು ಬದುಕಿರುವವರೆಗೆ ಕೇರಿಯ ಯಾರೂ ಅಂಚಿನ ಬಿದಿರು ಮುಟ್ಟಲಿಲ್ಲ.

ಅವನ ಕಾಲ ಮುಗಿಯಿತು. ತೋಳು ನೋಡಿ ಹೆಣ್ಣು ಕೊಡುವುದು ಒರಟುತನ ಎಂದು ಊರವರು ಅದನ್ನು ಬಿಟ್ಟರು. ಹಳೆಯ ಕಟ್ಟಳೆಯನ್ನೇ ಹಲಗೆಯ ಮೇಲೆ ಅಂದವಾಗಿ ಬರೆಸಿ ಹಳ್ಳದ ಬಳಿ ನೆಟ್ಟರು. ಹೋದ ವರ್ಷ ಹೋಗಿದ್ದೆ. ಹಲಗೆ ನಿಂತಿದೆ, ಅದರ ಹಿಂದೆ ಒಂದು ಮೆಳೆಯೂ ಇಲ್ಲ. ಬಿಸಿಲಿನಲ್ಲಿ ಕುಳಿತು ಬಹಳ ಸಂಕಟಪಟ್ಟೆ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನು, "ಹಾಗಾದರೆ ತೋಳು ನೋಡಬೇಕೆಂದು ಒಂದು ನಿಯಮ ಸೇರಿಸಲೇ?" ಎಂದನು.

"ಸೇರಿಸು, ಆದರೆ ಆ ನಿಯಮಕ್ಕಾಗಿ ನಿನ್ನ ಮನೆಯಲ್ಲಿ ಅಳುವವರು ಯಾರು ಎಂಬುದನ್ನು ಅದಕ್ಕೂ ಮೊದಲು ಬರೆ."