ಹೊಸ್ತಿಲಾಚೆಯ ಭೇಷ್

“ಅಪ್ಪಾವರೇ, ನಾನು ಯಾರನ್ನೂ ಗದರಿದವನಲ್ಲ. ದಿನಾ ಹೊಗಳುತ್ತೇನೆ. ಆದರೂ ಶಂಕ್ರವ್ವ ನಾಳೆಯಿಂದ ಬರುವುದಿಲ್ಲ ಎನ್ನುತ್ತಾಳೆ. ಇದೇಕೆ?” ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಮಠದ ದಾಸೋಹದ ಉಸ್ತುವಾರಿ ಗುರುಪಾದನದು. ಶಂಕ್ರವ್ವ ಅಲ್ಲಿಯ ಹಳೆಯ ಅಡುಗೆಯವಳು. ಕಾರಣ ಕೇಳಿದರೆ, ಯಾಕೋ ಸಾಕಾಗಿದೆ ಎಂದಷ್ಟೇ ಹೇಳಿದ್ದಳು. ಏನು ಸಾಕಾಗಿದೆ? ಮೈಯಲ್ಲಿ ಹುಷಾರಾಗಿದ್ದಾಳೆ, ಕೈಕೆಳಗೆ ಜನ ಇದ್ದಾರೆ. ಗುರುಪಾದನಿಗೆ ತಲೆಬುಡ ಅರ್ಥವಾಗಲಿಲ್ಲ.

ಗುರುಗಳು ನಕ್ಕರು. “ಹೊಗಳುತ್ತೀಯಾ? ಪುಣ್ಯವಂತ! ಕೂತುಕೋ. ನಿನ್ನಂಥವನೇ ಒಬ್ಬ ವ್ಯಾಪಾರಿ ಇದ್ದ” ಎಂದು ಶುರು ಮಾಡಿದರು.

ಆ ವ್ಯಾಪಾರಿಗೆ ಸೀರೆ ನೇಯುವ ಮಗ್ಗಗಳಿದ್ದವು. ಮಗ್ಗದ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಕಾಲಿಡುವಂತಿಲ್ಲ. ಅದು ಅಲ್ಲಿಯ ಪದ್ಧತಿ. ವ್ಯಾಪಾರಿಗೋ ಸದಾ ಅವಸರ. ಚಪ್ಪಲಿ ಕಳಚುವಷ್ಟೂ ಪುರುಸೊತ್ತಿಲ್ಲ. ಮೊದಲೆಲ್ಲ ಹೊಸ್ತಿಲಾಚೆ ನಿಂತು ‘ಬೇಗ, ಬೇಗ’ ಎಂದು ಕೂಗಿ ಹೋಗುತ್ತಿದ್ದ. ನೇಕಾರರು ಸೊರಗಿದರು. ನಾಲ್ಕು ಒಳ್ಳೆಯ ಮಾತಾಡಯ್ಯ ಎಂದು ಯಾರೋ ಬುದ್ಧಿ ಹೇಳಿದರು. ಅಂದಿನಿಂದ ಅದೇ ಜಾಗದಲ್ಲಿ ನಿಂತು ‘ಭೇಷ್, ಭೇಷ್’ ಎಂದು ಕೂಗತೊಡಗಿದ. ನೂಲು ಹರಿದು ಮಗ್ಗ ನಿಂತ ದಿನವೂ ಭೇಷ್. ಹಬ್ಬಕ್ಕೆ ಎಲ್ಲರೂ ಹೋಗಿ ಮಗ್ಗದ ಮನೆ ಖಾಲಿ ಇದ್ದ ದಿನವೂ ಭೇಷ್ ಎಂದನಂತೆ, ಪುಣ್ಯಾತ್ಮ!

ಅಲ್ಲಿ ಕೈ ಪಳಗಿದ ನೇಕಾರನೊಬ್ಬನಿದ್ದ. ಬರಬರುತ್ತ ಅವನ ಕೈ ನಿಧಾನವಾಯಿತು. ಕಡೆಗೆ ‘ಇದೊಂದು ಸೀರೆ ಮುಗಿಸಿ ಹೊರಡುತ್ತೇನೆ ಧಣಿ. ಲಾಳಿ ಹಿಡಿಯಲು ಮನಸ್ಸೇ ಇಲ್ಲ’ ಎಂದ. ಅಂಥ ಸೀರೆ ನೇಯುವವರು ಬೇರೆ ಯಾರೂ ಇರಲಿಲ್ಲ. ವ್ಯಾಪಾರಿ ಕೂಲಿ ಹೆಚ್ಚಿಸಿದ. ರಜೆ ಕೊಟ್ಟ. ಇನ್ನೂ ಗಟ್ಟಿಯಾಗಿ ಭೇಷ್ ಎಂದ. ಕೂಗಿ ಕೂಗಿ ಗಂಟಲೇ ಕಟ್ಟಿತು.

ಮರುದಿನ ಹೊಸ್ತಿಲಲ್ಲಿ ನಿಂತರೆ ದನಿಯೇ ಇಲ್ಲ. ಮಗ್ಗಗಳ ಸದ್ದಿನಲ್ಲಿ ಪಿಸುಮಾತು ಯಾರಿಗೆ ಕೇಳಬೇಕು? ವಿಧಿಯಿಲ್ಲದೆ ಚಪ್ಪಲಿ ಕಳಚಿ ಒಳಗೆ ಹೋಗಿ ನೇಕಾರನ ಪಕ್ಕ ಕೂತ. ಕೂತ ಮೇಲೆ ಸೀರೆ ಕಣ್ಣಿಗೆ ಬಿತ್ತು. ಒಡಲಿನ ನೂಲಿಗೂ ಸೆರಗಿನ ನೂಲಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಬೆರಳಿನಿಂದ ಸವರಿದ. ಬೆರಳಿಗೆ ಏನೂ ತಗಲಲಿಲ್ಲ.

‘ಅರೇ, ಕೂಡಿಸಿದ್ದು ಗೊತ್ತೇ ಆಗುವುದಿಲ್ಲವಲ್ಲೋ! ಹೇಗೆ ಮಾಡಿದೆ?’ ಎಂದು ಪಿಸುಗುಟ್ಟಿದ.

ನೇಕಾರನ ಕಣ್ಣು ತುಂಬಿತು. ‘ಎರಡು ಸಲ ಬಿಚ್ಚಿ ಕಟ್ಟಿದೆ ಧಣಿ. ಇದುವರೆಗೆ ಯಾರೂ ಕೇಳಿರಲಿಲ್ಲ’ ಎಂದ. ಆಮೇಲೆ ಎಷ್ಟೋ ಹೊತ್ತು ಅದನ್ನೇ ವಿವರಿಸಿದ. ಸೀರೆ ಮುಗಿಯಿತು. ಅವನು ಹೋಗಲಿಲ್ಲ, ಮುಂದಿನ ಸೀರೆಗೆ ನೂಲು ಹೂಡಿದ.

ವ್ಯಾಪಾರಿಗೆ ಒಂದೂ ತಿಳಿಯಲಿಲ್ಲ. ಅಷ್ಟು ಕೂಗಿದರೂ ಆಗದ್ದು ದನಿ ಹೋದ ದಿನ ಹೇಗಾಯಿತು? ಪಾಪ, ತಾನು ಗಂಟಲಿಗೆ ಕುಡಿದ ಕಷಾಯದ ಗುಣವಿರಬೇಕೆಂದು ನೇಕಾರರಿಗೆಲ್ಲ ಅದನ್ನೇ ಕುಡಿಸಿದನಂತೆ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತಲೆ ಕೆರೆದುಕೊಂಡ. “ಹಾಗಾದರೆ ಹೊಗಳುವುದೇ ತಪ್ಪೇ ಅಪ್ಪಾವರೇ? ಇವತ್ತು ಊಟವಾದ ಮೇಲೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಡುಗೆ ಅಮೃತವಾಗಿತ್ತು ಶಂಕ್ರವ್ವಾ ಎಂದು ಹೇಳಿಯೇ ಬಂದೆ.”

“ಸಂತೋಷ. ಪಲ್ಯ ಯಾವುದಿತ್ತು?” ಎಂದರು ಗುರುಗಳು.

ಗುರುಪಾದನಿಗೆ ನೆನಪಾಗಲಿಲ್ಲ. ಉಂಡ ಕೈಯನ್ನು ಮೆಲ್ಲಗೆ ಮೂಸಿ ನೋಡಿದ.