ತಲೆ ಒಳಗೆಳೆದುಕೊಂಡ ಅಧ್ಯಕ್ಷೆ

ಒಂದು ಕಾಡಿನಲ್ಲಿ ಎಲ್ಲರಿಗೂ ಸೇರಿದ ಒಂದು ಕೆರೆಯಿತ್ತು. ಸಂಜೆಯಾದರೆ ಜಿಂಕೆಮರಿಗಳೂ ಕೋತಿಮರಿಗಳೂ ಅಲ್ಲಿ ನೀರಾಟವಾಡುತ್ತಿದ್ದವು. ಎಲ್ಲರಿಗೂ ಸೇರಿದ್ದು ಅಂದಮೇಲೆ ಜಗಳ ತಪ್ಪುತ್ತದೆಯೇ? ಯಾರು ಎಲ್ಲಿ ಕುಡಿಯಬೇಕು, ಯಾರು ಎಲ್ಲಿ ಈಜಬೇಕು ಎಂದು ತೀರ್ಮಾನಿಸಲು ಒಂದು ಕೆರೆ ಸಮಿತಿ ಇತ್ತು. ವಯಸ್ಸಿನಲ್ಲಿ ಹಿರಿಯಳೆಂದು ಆಮೆಜ್ಜಿಯನ್ನು ಅಧ್ಯಕ್ಷೆ ಮಾಡಿದ್ದರು. ನರಿ, ಕಾಡುಹಂದಿ ಮತ್ತು ಹಣೆಯಲ್ಲಿ ಬಿಳಿ ಗುರುತಿನ ನೀರುಹಕ್ಕಿ ನಾಮದಕೋಳಿ ಸದಸ್ಯರು.

ಆಮೆಜ್ಜಿ ಒಳ್ಳೆಯವಳು, ಕೆರೆಯ ಮೂಲೆಮೂಲೆಯನ್ನೂ ಬಲ್ಲವಳು. ಆದರೆ ಯಾರಾದರೂ ದನಿ ಏರಿಸಿದರೆ ಸಾಕು, ಅವಳ ತಲೆ ಸರಕ್ಕನೆ ಚಿಪ್ಪಿನೊಳಗೆ ಹೋಗುತ್ತಿತ್ತು. ಅದು ಹೊರಗೆ ಬರುವಷ್ಟರಲ್ಲಿ ಸಭೆಯೇ ಮುಗಿದಿರುತ್ತಿತ್ತು. ನರಿ ಇದನ್ನು ಚೆನ್ನಾಗಿ ನೋಡಿಟ್ಟುಕೊಂಡಿತ್ತು.

ಕೆರೆಯ ದಡದಲ್ಲಿ ಜೊಂಡು ದಟ್ಟವಾಗಿ ಬೆಳೆದಿತ್ತು. ಅದರ ನಡುವೆ ನಾಮದಕೋಳಿ ಗೂಡು ಕಟ್ಟಿ ಮರಿ ಮಾಡಿತ್ತು. ಮರಿಗಳ ಚಿಲಿಪಿಲಿ ಕೇಳಿದಾಗಲೆಲ್ಲ ನರಿಯ ಬಾಯಲ್ಲಿ ನೀರೂರುತ್ತಿತ್ತು. ಆದರೆ ಜೊಂಡಿನೊಳಗೆ ಅದಕ್ಕೆ ದಾರಿ ಸಿಗುತ್ತಿರಲಿಲ್ಲ.

ಒಂದು ಸಭೆಯಲ್ಲಿ ನರಿ ಎದ್ದು ನಿಂತಿತು. "ಆಡೋ ಮಕ್ಕಳ ಕಾಲಿಗೆ ಜೊಂಡು ತೊಡರ್ತಿದೆ. ಪಾಪ, ನಿನ್ನೆ ಒಂದು ಕೋತಿಮರಿ ಮುಗ್ಗರಿಸಿ ನೀರು ಕುಡೀತು. ಜೊಂಡು ಕಿತ್ತುಹಾಕಿ ದಡ ಚೊಕ್ಕ ಮಾಡೋಣ" ಎಂದಿತು.

"ನನ್ನ ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ" ಎಂದಿತು ನಾಮದಕೋಳಿ. "ಜೊಂಡು ಹೋದ್ರೆ ಅವನ್ನ ಎಲ್ಲಿ ಬಚ್ಚಿಡ್ಲಿ? ಅಜ್ಜಿ, ನೀವಾದ್ರೂ ಒಂದು ಮಾತು ಹೇಳಿ."

ಬೇಡ ಎನ್ನಬೇಕೆಂದು ಆಮೆಜ್ಜಿಗೆ ಅನ್ನಿಸಿತು. ದಡದ ಮಣ್ಣನ್ನು ಹಿಡಿದಿರುವುದೇ ಜೊಂಡಿನ ಬೇರು, ಅದು ಹೋದರೆ ಉಳಿಯುವುದು ಕೆಸರು ಎಂದೂ ಅವಳಿಗೆ ಗೊತ್ತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ನರಿ ಹಂದಿಯ ಕಡೆ ತಿರುಗಿತು. "ಅಂದಹಾಗೆ ಹಂದಿಯಣ್ಣ, ನೀನು ಹೊರಳಾಡಿ ನೀರು ಕೆಡಿಸ್ತೀಯ ಅಂತ ಕಾಡೆಲ್ಲ ಆಡಿಕೊಳ್ತಿದೆಯಲ್ಲ?"

"ಯಾವನವನು ಹಂಗಂದವನು?" ಹಂದಿ ನೆಲ ಕೆರೆದು ಅಬ್ಬರಿಸಿತು. ಆಮೆಜ್ಜಿಯ ತಲೆ ಒಳಗೆ ಹೋಯಿತು.

"ಅಧ್ಯಕ್ಷರು ಸುಮ್ಮನಿದ್ದಾರೆ. ಮೌನಂ ಸಮ್ಮತಿ ಲಕ್ಷಣಂ" ಎಂದು ನರಿ ತೀರ್ಮಾನ ಮುಗಿಸಿತು. ಆಮೇಲೆ ಹಂದಿಯ ಬೆನ್ನು ಸವರಿ, "ಕೋಪ ಬಿಡಣ್ಣ. ಜೊಂಡಿನ ಗೆಡ್ಡೆಯೆಲ್ಲ ನಿನಗೇ" ಎಂದಿತು.

ಚಿಪ್ಪಿನೊಳಗೆ ಆಮೆಜ್ಜಿಗೆ ಎಲ್ಲ ಕೇಳಿಸುತ್ತಿತ್ತು. ನಾಳೆ ಸಭೆ ಕರೆದು ಹೇಳಿದರಾಯಿತು ಎಂದುಕೊಂಡಳು. ನಾಳೆಯ ಹೊತ್ತಿಗೆ ಹಂದಿ ಗೆಡ್ಡೆಯ ಆಸೆಗೆ ದಡವನ್ನೆಲ್ಲ ಬುಡಮೇಲು ಮಾಡಿತ್ತು.

ಅದರ ಮಾರನೆಯ ಬೆಳಿಗ್ಗೆ ಒಂದು ಮರಿ ಇರಲಿಲ್ಲ. ಮತ್ತೊಂದು ಬೆಳಿಗ್ಗೆ ಇನ್ನೊಂದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನಾಮದಕೋಳಿ ಆಮೆಜ್ಜಿ ಕೂರುವ ಬಂಡೆಯ ಮುಂದೆ ಬಂದು ಸುಮ್ಮನೆ ನಿಂತು ಹೋಗುತ್ತಿತ್ತು. ಆಮೆಜ್ಜಿಗೆ ಅದರ ಮುಖ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಬೇರಿಲ್ಲದ ದಡ ಕರಗಿ ಕೆಸರಾಯಿತು. ಉಳಿದಿದ್ದ ಒಂದೇ ಒಂದು ಮರಿಯ ಮೇಲೆ ನೆಗೆದ ನರಿ ಗುರಿ ತಪ್ಪಿ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ಒದ್ದಾಡಿದಷ್ಟೂ ಕೆಳಗಿಳಿಯಿತು. "ಹಂದಿಯಣ್ಣ, ಎಳೆದುಹಾಕೋ" ಎಂದು ಬೇಡಿಕೊಂಡಿತು.

ಹಂದಿ ಮುಂದೆ ಹೆಜ್ಜೆಯಿಟ್ಟಿತು. ನಾಮದಕೋಳಿ ಅಡ್ಡ ನಿಂತಿತು. "ಸಮಿತಿ ತೀರ್ಮಾನ ಆಗ್ಲಿ. ಇವನನ್ನ ಇಲ್ಲೇ ಬಿಡೋಣ ಅಂತೀನಿ ನಾನು. ಅಜ್ಜಿ, ನೀವೇನಂತೀರಿ?"

ಸತ್ತ ಮರಿಗಳಂತೂ ಸತ್ತವು, ಇನ್ನೊಂದು ಸಾವು ಬೇಡ ಎಂದು ಆಮೆಜ್ಜಿಗೆ ಅನ್ನಿಸಿತು. ಅವಳು ಕತ್ತು ಚಾಚಿದಳು. "ಬೇಗ ಹೇಳಜ್ಜಿ, ಬೇಗ" ಎಂದು ನರಿ ಪ್ರಾಣಭಯದಿಂದ ಕಿರುಚಿತು. ಆ ಕಿರುಚಾಟಕ್ಕೆ ಅಜ್ಜಿಯ ತಲೆ ಸರಕ್ಕನೆ ಒಳಗೆ ಹೋಯಿತು.

ಹಂದಿ ಸ್ವಲ್ಪ ಹೊತ್ತು ಕಾಯಿತು. "ಅಧ್ಯಕ್ಷರು ಸುಮ್ಮನಿದ್ದಾರೆ. ಮೌನ ಅಂದ್ರೆ ಒಪ್ಪಿಗೆ ಅಂತ ನೀನೇ ಹೇಳಿದ್ಯಲ್ಲಪ್ಪ" ಎಂದು ನರಿಗೆ ಹೇಳಿ ಹೊರಟುಹೋಯಿತು.

ಆಮೆಜ್ಜಿ ತಲೆ ಹೊರಗಿಟ್ಟಾಗ ಕೂಗು ನಿಂತಿತ್ತು, ಕೆಸರು ಸಮವಾಗಿತ್ತು. ನಾಮದಕೋಳಿ ಉಳಿದ ಒಂದು ಮರಿಯನ್ನು ಕರೆದುಕೊಂಡು ಕೆರೆ ಬಿಟ್ಟು ಹೋಗಿತ್ತು. ಹೂತುಹೋಗುವ ದಡಕ್ಕೆ ಅಂದಿನಿಂದ ಯಾವ ತಾಯಿಯೂ ಮಕ್ಕಳನ್ನು ಆಡಲು ಕಳಿಸಲಿಲ್ಲ. ಕೊನೆಗೊಮ್ಮೆ "ಬೇಡ" ಎಂದಳು ಆಮೆಜ್ಜಿ. ಅದನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ನೀತಿ: ಕೇಡು ಬಗೆದವನಿಗೆ ಕೇಡು ತಪ್ಪುವುದಿಲ್ಲ. ಆದರೆ ಬೇಡ ಎನ್ನಬೇಕಾದವರು ಹೊತ್ತಿಗೆ ಸರಿಯಾಗಿ ಬಾಯಿ ಬಿಡದಿದ್ದರೆ, ಅಷ್ಟರೊಳಗೆ ನಿರಪರಾಧಿಗಳು ಬಲಿಯಾಗಿರುತ್ತಾರೆ.