ಜೋಡಿ ರಾಡು

“ಆ ಹಳೇ ಕಾರು ಎಡಕ್ಕ ವಾಲೇದ, ನೆಟ್ಟಗ ನಿಂದ್ರಸ್ರಿ.” ನನ್ನ ಹೆಂಡತಿ ನೀಲವ್ವ ಕಡೇದಾಗಿ ಅಂದದ್ದು ಇಷ್ಟೇ.

ಅವಳು ಹೋಗಿ ತಿಂಗಳಾದ ಮೇಲೆ ಆ ಎರಡು ಸೀಟಿನ ರೇಸ್ ಕಾರಿನ ಅಡಿಗೆ ಹೋದೆ. ಭಾರ ಹೊರುವ ಟಾರ್ಷನ್ ರಾಡು ಎರಡರಲ್ಲಿ ಎಡಗಡೇದು ಮುರಿದಿತ್ತು. ಬಲಗಡೇದನ್ನೂ ಬಿಚ್ಚತೊಡಗಿದೆ.

“ನಾ ಗಟ್ಟಿ ಅದೀನಲ್ಲೋ ಮಾರಾಯಾ, ನನ್ನ ಯಾಕ ತೆಗೀತಿ?” ಅಂತು ಅದು.

“ಜೋಡ್ಯಾಗ ಒಂದು ಹೋದ್ರ ಎರಡೂ ತೆಗೀಬೇಕು. ನಮ್ಮ ಕೆಲಸದ ಪದ್ಧತಿ ಅದು,” ಅಂದೆ.

“ಮತ್ತ ನೀ ಹೆಂಗ ಉಳದಿ?”

ಸ್ಪ್ಯಾನರ್ ಕೆಳಗಿಟ್ಟೆ.

“ಹೋಗಲಿ, ತೆಗಿ. ನನ್ನ ಅದರ ಮಗ್ಗಲಿಗೇ ಇಡು,” ಅಂತು ರಾಡು.

ಮರುದಿನ ಬೆಳಿಗ್ಗೆ ಹಳೇ ಎರಡನ್ನೂ ನೀಲವ್ವನ ಸೀರೆ ತುಂಡಿನಲ್ಲಿ ಸುತ್ತಿಟ್ಟು, ಹೊಸ ಜೋಡಿ ಹಾಕಿದೆ. ಕಾರು ನೆಟ್ಟಗೆ ನಿಂತಿತು. ಓಡಿಸಲು ಒಬ್ಬನೇ ಹತ್ತಿ ಕೂತೆ. ನಾನು ಕೂತ ಕಡೆ, ಬಲಕ್ಕೆ, ವಾಲಿತು.